ಒಂದು ಆಟ, ಒಂದು ಓಪನಿಂಗ್: ಚೆಸ್ ಅಭ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಸೇರಿ ಒಂದು ಆಟ ಬಿಡಿಸಿ ನೋಡುತ್ತೇವೆ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಬರುವವರೂ ಇದ್ದಾರೆ. ಇದು ಕ್ಲಾಸ್ ಅಲ್ಲ, ಫೀ ಇಲ್ಲ. ಹೊಸಬರು ಬಂದಾಗಲೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಉತ್ತರಗಳು ನನ್ನವು. ನಮ್ಮ ಕೂಟದಲ್ಲೇ ಕೆಲವನ್ನು ಒಪ್ಪದವರಿದ್ದಾರೆ, ಅವರ ಜೊತೆ ಚಹಾ ಕುಡಿಯುತ್ತಾ ಜಗಳ ಮಾಡಬಹುದು.

ಓದುವ ಮೊದಲು ಒಂದು ಮಾತು. ನಡೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಬಿಳಿ ಕಡೆ ಕೂತವರಿಗೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿನಿಂದ ಮೇಲಕ್ಕೆ 1ರಿಂದ 8. ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. × ಇದ್ದರೆ ಹೊಡೆದದ್ದು.

ಓಪನಿಂಗ್ ಅಂದರೆ ಎಷ್ಟನೇ ನಡೆಯವರೆಗೆ?

ಆಟದ ಶುರುವಿನ ನಡೆಗಳನ್ನು ಓಪನಿಂಗ್ ಅನ್ನುತ್ತಾರೆ. ಇಂತಿಷ್ಟೇ ನಡೆ ಅಂತ ಇಲ್ಲ. ಕುದುರೆ, ಒಂಟೆ ಹೊರಗೆ ಬಂದು, ರಾಜ ಕ್ಯಾಸಲಿಂಗ್ (ರಾಜ ಎರಡು ಮನೆ ಪಕ್ಕಕ್ಕೆ ಸರಿದು, ಆನೆ ಅದನ್ನು ದಾಟಿ ಬಂದು ನಿಲ್ಲುವ ನಡೆ) ಮಾಡಿಕೊಂಡು, ಎರಡು ಆನೆಗಳ ನಡುವೆ ಯಾರೂ ಇಲ್ಲದ ಹಾಗಾದರೆ ಓಪನಿಂಗ್ ಮುಗಿಯಿತು ಅಂದುಕೊಳ್ಳಿ. ಸಾಮಾನ್ಯವಾಗಿ 10ರಿಂದ 15 ನಡೆ. ದೊಡ್ಡ ಆಟಗಾರರು ಮನೆಯಲ್ಲಿ ಮಾಡಿಕೊಂಡ ತಯಾರಿ 20ನೇ ನಡೆ ದಾಟುವುದೂ ಉಂಟು. ನಮ್ಮ ನಿಮ್ಮ ಆಟದಲ್ಲಿ ಐದಾರನೇ ನಡೆಗೇ ಯಾರಾದರೊಬ್ಬರು ದಾರಿ ಬಿಟ್ಟಿರುತ್ತಾರೆ.

ಅಭ್ಯಾಸಕ್ಕೆ ಯಾವ ಆಟ ಆರಿಸಿಕೊಳ್ಳಬೇಕು?

ಚಿಕ್ಕ ಆಟ. 25 ನಡೆಯೊಳಗೆ ಮುಗಿದದ್ದು. ಗೆದ್ದವರ ಉದ್ದೇಶ ಕಣ್ಣಿಗೆ ಕಾಣುವಂಥದ್ದು. ಸೋತವರೂ ಬಲವಾದ ಆಟಗಾರರೇ ಆಗಿರಬೇಕು. ಎದುರಾಳಿ ಸುಮ್ನೆ ಕಾಯಿ ಕೊಟ್ಟು ಸೋತಿದ್ದರೆ ಕಲಿಯಲು ಏನೂ ಉಳಿಯುವುದಿಲ್ಲ.

ವಿಶ್ವ ಚಾಂಪಿಯನ್‌ಶಿಪ್‌ನ ಉದ್ದುದ್ದ ಆಟಗಳನ್ನು ಮೊದಲೇ ಹಿಡಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ಡಿಂಗ್ ಲಿರೆನ್ ಅವರನ್ನು ಸೋಲಿಸಿದ 14ನೇ ಆಟ ನೋಡಬೇಕು ಅಂತ ಎಲ್ಲ ಮಕ್ಕಳೂ ಕೇಳುತ್ತಾರೆ. ನೋಡಲಿ. ಆದರೆ ಅದು 58 ನಡೆಯ ಆಟ. ಡಿಂಗ್ ಎಡವಿದ್ದು 55ನೇ ನಡೆಯಲ್ಲಿ, ಆನೆಯನ್ನು ಎಫ್2ಕ್ಕೆ ತಂದು. ಅದು ಕೊನೆಯಾಟದ ಪಾಠ. ಓಪನಿಂಗ್ ಕಲಿಯಲು ಹೊರಟವರಿಗೆ ಅಲ್ಲಿ ಸಿಗುವುದು ಕಡಿಮೆ.

ಹಾಗಾದ್ರ ನೀವು ಯಾವ ಆಟ ತೋರಸ್ತೀರಿ?

ನಾನು ಪದೇ ಪದೇ ಹೋಗುವುದು ಆರೋನಿಯನ್ ಮತ್ತು ಆನಂದ್ ಆಡಿದ ಒಂದು ಆಟಕ್ಕೆ. 2013ರ ಜನವರಿ, ನೆದರ್ಲೆಂಡ್ಸ್‌ನ ಸಮುದ್ರ ದಂಡೆಯ ಊರು ವೈಕ್ ಆನ್ ಜೀ, ಟಾಟಾ ಸ್ಟೀಲ್ ಟೂರ್ನಿ. ಆನಂದ್ ಆಗ ವಿಶ್ವ ಚಾಂಪಿಯನ್. ಲೆವೊನ್ ಆರೋನಿಯನ್ ಆಗ ಆರ್ಮೇನಿಯಾ ಪರ ಆಡುತ್ತಿದ್ದರು. ಬಿಳಿ ಆರೋನಿಯನ್, ಕಪ್ಪು ಆನಂದ್. 23 ನಡೆಗೆ ಮುಗಿಯಿತು. ಬೋರ್ಡ್ ತೆಗೆದು ಕೂತುಕೊಳ್ಳಿ:

1. ಡಿ4, ಡಿ5
2. ಸಿ4, ಸಿ6
3. ಕುದುರೆ ಎಫ್3, ಕುದುರೆ ಎಫ್6
4. ಕುದುರೆ ಸಿ3, ಇ6
5. ಇ3, ಬಿ8ರ ಕುದುರೆ ಡಿ7
6. ಒಂಟೆ ಡಿ3, ಡಿ×ಸಿ4
7. ಒಂಟೆ×ಸಿ4, ಬಿ5
8. ಒಂಟೆ ಡಿ3, ಒಂಟೆ ಡಿ6
9. ಇಬ್ಬರೂ ರಾಜನ ಕಡೆ ಕ್ಯಾಸಲಿಂಗ್
10. ರಾಣಿ ಸಿ2, ಒಂಟೆ ಬಿ7
11. ಎ3, ಆನೆ ಸಿ8
12. ಕುದುರೆ ಜಿ5, ಸಿ5
13. ಕುದುರೆ×ಎಚ್7, ಕುದುರೆ ಜಿ4
14. ಎಫ್4, ಸಿ×ಡಿ4
15. ಇ×ಡಿ4, ಒಂಟೆ ಸಿ5
16. ಒಂಟೆ ಇ2, ಡಿ7ರ ಕುದುರೆ ಇ5
17. ಒಂಟೆ×ಜಿ4, ಒಂಟೆ×ಡಿ4 ಚೆಕ್
18. ರಾಜ ಎಚ್1, ಕುದುರೆ×ಜಿ4
19. ಕುದುರೆ×ಎಫ್8, ಎಫ್5
20. ಕುದುರೆ ಜಿ6, ರಾಣಿ ಎಫ್6
21. ಎಚ್3, ರಾಣಿ×ಜಿ6
22. ರಾಣಿ ಇ2, ರಾಣಿ ಎಚ್5
23. ರಾಣಿ ಡಿ3, ಒಂಟೆ ಇ3. ಬಿಳಿ ಸೋಲೊಪ್ಪಿತು.

ಕಾಯಿಗಳ ಬೆಲೆ ಲೆಕ್ಕ ಹಾಕಿದರೆ ಕೊನೆಗೂ ಬಿಳಿಯದ್ದೇ ಜಾಸ್ತಿ. ಕಪ್ಪಿನ ಹತ್ತಿರ ಒಂದು ಒಂಟೆ ಹೆಚ್ಚಿದೆ, ಬಿಳಿಯ ಹತ್ತಿರ ಒಂದು ಆನೆ ಹೆಚ್ಚಿದೆ; ಆನೆಯ ಬೆಲೆ ಒಂಟೆಗಿಂತ ಜಾಸ್ತಿ. ಆದರೂ ಆರೋನಿಯನ್ ಕೈ ಚಾಚಿದರು. ಯಾಕೆ ಅಂತ ಈಗಲೇ ಹೇಳುವುದಿಲ್ಲ. ಬೋರ್ಡ್ ಮೇಲೆ ಕೊನೆಯ ಸ್ಥಿತಿಯನ್ನು ಹತ್ತು ನಿಮಿಷ ನೋಡಿ.

ಈ ಓಪನಿಂಗ್ ಹೆಸರೇನು?

ಸೆಮಿ ಸ್ಲಾವ್. ಅದರೊಳಗೆ ಮೆರಾನ್ ಎಂಬ ಕವಲು. ಮೆರಾನ್ ಇಟಲಿಯ ಒಂದು ಊರು. 1924ರಲ್ಲಿ ಅಲ್ಲಿ ನಡೆದ ಟೂರ್ನಿಯಲ್ಲಿ ಅಕಿಬಾ ರೂಬಿನ್‌ಸ್ಟೈನ್ ಗ್ರುನ್‌ಫೆಲ್ಡ್ ವಿರುದ್ಧ ಕಪ್ಪಿನಲ್ಲಿ ಇದನ್ನು ಆಡಿ ಗೆದ್ದರು. ಊರಿನ ಹೆಸರು ಓಪನಿಂಗ್‌ಗೆ ಅಂಟಿಕೊಂಡಿತು. ಆನಂದ್‌ಗೂ ಇದು ಹಳೆಯ ಸ್ನೇಹಿತ. 2008ರಲ್ಲಿ ಜರ್ಮನಿಯ ಬಾನ್‌ನಲ್ಲಿ ಕ್ರಾಮ್ನಿಕ್ ವಿರುದ್ಧದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 3ನೇ ಮತ್ತು 5ನೇ ಆಟವನ್ನು ಅವರು ಕಪ್ಪಿನಲ್ಲಿ ಗೆದ್ದದ್ದು ಇದೇ ಮೆರಾನ್ ಆಡಿ.

ಒಂದು ಆಟವನ್ನು "ಅಭ್ಯಾಸ ಮಾಡೋದು" ಅಂದರೆ ನಿಜವಾಗಿ ಏನು ಮಾಡಬೇಕು?

ಇದೇ ಮುಖ್ಯ ಪ್ರಶ್ನೆ. ಹೆಚ್ಚಿನವರು ಮೊಬೈಲ್‌ನಲ್ಲಿ ಬಾಣದ ಗುರುತು ಒತ್ತುತ್ತಾ ಎರಡು ನಿಮಿಷಕ್ಕೆ ಆಟ ಮುಗಿಸಿ "ಭಾರಿ ಆಡ್ಯಾರ" ಅಂತ ಎದ್ದು ಹೋಗುತ್ತಾರೆ. ಅದು ನೋಡುವುದಾಯಿತು, ಅಭ್ಯಾಸವಾಗಲಿಲ್ಲ.

ನನ್ನ ಪದ್ಧತಿ ಹೀಗಿದೆ. ಓಪನಿಂಗ್ ಮುಗಿದ ಕೂಡಲೇ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಈ ಓಪನಿಂಗ್‌ನಲ್ಲಿ ಕಷ್ಟದಲ್ಲಿರುವ ಕಾಯಿ ಯಾವುದು? ಆಮೇಲೆ ಆಟ ಮುಗಿಯುವವರೆಗೆ ಆ ಕಾಯಿಯ ಮೇಲೆ ಕಣ್ಣಿಡಿ.

ನಮ್ಮ ಆಟದಲ್ಲಿ ಅದು ಕಪ್ಪಿನ ಸಿ8ರ ಒಂಟೆ. ಅದು ಬಿಳಿ ಮನೆಗಳಲ್ಲಿ ನಡೆಯುವ ಒಂಟೆ. ಕಪ್ಪು ತನ್ನ ಕಾಲಾಳುಗಳನ್ನು ಸಿ6, ಡಿ5, ಇ6ರಲ್ಲಿಟ್ಟಿದೆ. ಮೂರೂ ಬಿಳಿ ಮನೆಗಳು. ಒಂಟೆಗೆ ದಾರಿಯೇ ಇಲ್ಲ. ಸೆಮಿ ಸ್ಲಾವ್ ಆಡುವವರೆಲ್ಲರ ತಲೆನೋವು ಇದು.

ಮೆರಾನ್ ಈ ತಲೆನೋವಿಗೆ ಮದ್ದು ಹುಡುಕುತ್ತದೆ. ಬಿಳಿ ಒಂಟೆ ಡಿ3ಕ್ಕೆ ಬರುವವರೆಗೆ ಕಪ್ಪು ಕಾಯುತ್ತದೆ. ಬಂದ ತಕ್ಷಣ ಡಿ×ಸಿ4. ಈಗ ಆ ಒಂಟೆ ಸಿ4ರಲ್ಲಿ ಹೊಡೆಯಬೇಕು. ಕೂಡಲೇ ಬಿ5, ಒಂಟೆ ಮತ್ತೆ ಓಡಬೇಕು. ಬಿಳಿಯ ಒಂದೇ ಕಾಯಿ ಮೂರು ಸಲ ನಡೆದು ಹೊರಟಲ್ಲಿಗೇ ಬಂದು ನಿಂತಿತು. ಅಷ್ಟರಲ್ಲಿ ಕಪ್ಪಿಗೆ ಬಿ7 ಮನೆ ಖಾಲಿಯಾಯಿತು, ಒಂಟೆ ಅಲ್ಲಿಗೆ ಹೋಯಿತು. ಇನ್ನೂ ಒಂದು ಅಡ್ಡಿ ಇದೆ, ಸಿ6ರ ಕಾಲಾಳು. ಹಾಗಾಗಿ ಇಡೀ ಓಪನಿಂಗ್ ಒಂದು ನಡೆಗಾಗಿ ಕಾಯುತ್ತಿದೆ: ಸಿ5. ಆ ಕಾಲಾಳು ಮುಂದೆ ಹೋದರೆ ಬಿ7ರಿಂದ ಎಚ್1ರವರೆಗೆ ದಾರಿ ಪೂರ್ತಿ ತೆರೆಯುತ್ತದೆ.

ಈಗ ಕೊನೆಯ ಸ್ಥಿತಿಗೆ ಬನ್ನಿ. ಬಿಳಿ ರಾಜ ಎಚ್1ರಲ್ಲಿ. ಅದರ ಮುಂದೆ ಜಿ2ರಲ್ಲಿ ಕಾಲಾಳು. ದೂರದಲ್ಲಿ ಬಿ7ರಲ್ಲಿ ನಮ್ಮ ಒಂಟೆ. ಜಿ2ರ ಕಾಲಾಳು ಅಲುಗಾಡುವ ಹಾಗಿಲ್ಲ, ಅಲುಗಾಡಿದರೆ ರಾಜನಿಗೆ ಚೆಕ್. ಹಾಗಾಗಿ ಕಪ್ಪು ರಾಣಿ ಎಚ್3ರಲ್ಲಿ ಹೊಡೆದರೆ ಆ ಕಾಲಾಳು ತಿರುಗಿ ಹೊಡೆಯಲಾರದು. ಇದನ್ನು ತಡೆಯಲೆಂದೇ ಬಿಳಿ ರಾಣಿ ಡಿ3ಕ್ಕೆ ಬಂದು ಅಡ್ಡಸಾಲಿನಲ್ಲಿ ಎಚ್3 ಕಾಯುತ್ತಿತ್ತು. ಆನಂದ್ ಇನ್ನೊಂದು ಒಂಟೆಯನ್ನು ಇ3ರಲ್ಲಿ ತಂದು ಆ ಸಾಲನ್ನೇ ಮುಚ್ಚಿದರು. ಅದೇ ಒಂಟೆ ಜಿ1 ಮನೆಯನ್ನೂ ಕಾಯುತ್ತದೆ, ರಾಜನಿಗೆ ಓಡಲು ಜಾಗವಿಲ್ಲ. ಬಿಳಿಯ ಒಂಟೆ ಇ3ರಲ್ಲಿ ಹೊಡೆದರೂ ಅಷ್ಟೇ: ರಾಣಿ×ಎಚ್3 ಚೆಕ್, ರಾಜ ಜಿ1, ರಾಣಿ×ಜಿ2 ಮೇಟ್. ಆ ಕೊನೆಯ ಹೊಡೆತಕ್ಕೂ ಹಿಂದಿನಿಂದ ಬೆಂಬಲ ಕೊಡುವುದು ಬಿ7ರ ಒಂಟೆಯೇ.

10ನೇ ನಡೆಯಲ್ಲಿ ಬಿ7ಕ್ಕೆ ಹೋದ ಒಂಟೆ ಆಮೇಲೆ ಒಂದು ಸಲವೂ ಕದಲಿಲ್ಲ. ಇದನ್ನು ಒಮ್ಮೆ ಕಂಡವರಿಗೆ ಮೆರಾನ್‌ನ ಮೊದಲ ಎಂಟು ನಡೆ ಬಾಯಿಪಾಠ ಮಾಡಬೇಕಾಗಿಲ್ಲ.

12ರಿಂದ 16ನೇ ನಡೆ ತಲೆಗೆ ಹೋಗುತ್ತಿಲ್ಲ. ಬಿಡಿಸಿ ಹೇಳ್ತೀರಾ?

ಹೇಳುತ್ತೇನೆ. ಇದು ಆಟದ ತಿರುಳು, ನಿಧಾನವಾಗಿ ನೋಡೋಣ.

ಬಿಳಿ 12ನೇ ನಡೆಯಲ್ಲಿ ಕುದುರೆಯನ್ನು ಜಿ5ಕ್ಕೆ ತಂದಿತು. ಡಿ3ರ ಒಂಟೆ, ಸಿ2ರ ರಾಣಿ, ಈ ಕುದುರೆ, ಮೂರೂ ಎಚ್7ರ ಮೇಲೆ ಕಣ್ಣಿಟ್ಟಿವೆ. ಕಾಯಲು ಇರುವುದು ರಾಜ ಮತ್ತು ಎಫ್6ರ ಕುದುರೆ. ನಾವಾದರೆ ಗಾಬರಿಯಾಗಿ ಎಚ್6 ಅನ್ನುತ್ತಿದ್ದೆವು. ಆನಂದ್ ಎಚ್7 ಬಿಟ್ಟುಕೊಟ್ಟು ಸಿ5 ಆಡಿದರು. ಒಂಟೆಯ ದಾರಿ ತೆರೆಯಿತು. ಸಿ ಸಾಲು ತೆರೆದರೆ ಸಿ8ರ ಆನೆ ನೇರ ಬಿಳಿ ರಾಣಿಯ ಎದುರು, ನಡುವೆ ಸಿ3ರ ಕುದುರೆ ಮಾತ್ರ.

13ರಲ್ಲಿ ಬಿಳಿ ಎಚ್7ರ ಕಾಲಾಳನ್ನು ತಿಂದಿತು. ಆ ಕುದುರೆಯನ್ನು ಎಫ್6ರ ಕುದುರೆಯಿಂದ ಹೊಡೆದರೆ ಬಿಳಿ ಒಂಟೆ ಚೆಕ್ ಕೊಟ್ಟು ಎಚ್7ರಲ್ಲಿ ಹೊಡೆಯುತ್ತದೆ, ಕಪ್ಪಿಗೆ ಒಂದು ಕಾಲಾಳು ನಷ್ಟ. ಅದರ ಬದಲು ಕುದುರೆ ಜಿ4ಕ್ಕೆ ಹಾರಿತು. ಈಗ ಎಚ್2 ಅಪಾಯದಲ್ಲಿದೆ. ಬಿಳಿ ಎಫ್4 ಆಡಿ ಡಿ6ರ ಒಂಟೆಯ ದಾರಿ ಮುಚ್ಚಿತು.

15ರಲ್ಲಿ ಆ ಒಂಟೆ ಸಿ5ಕ್ಕೆ ಬಂತು, ನೇರ ಕಾಲಾಳಿನ ಬಾಯಿಗೆ. ತಿನ್ನಬಹುದಲ್ವಾ? ತಿಂದರೆ ಡಿ7ರ ಕುದುರೆ ಸಿ5ರಲ್ಲಿ ಹೊಡೆಯುತ್ತದೆ. ಡಿ ಸಾಲು ಖಾಲಿ. ಕುದುರೆ ಡಿ3ರ ಒಂಟೆಯನ್ನು ಹಿಡಿದಿದೆ, ರಾಣಿಗೆ ಡಿ4ರಲ್ಲಿ ಚೆಕ್ ಕಾದಿದೆ. ಬಿಳಿ ಎರಡನ್ನೂ ಒಟ್ಟಿಗೆ ತಡೆಯಲಾರದು.

ಅದಕ್ಕೇ ಆರೋನಿಯನ್ ಒಂಟೆಯನ್ನು ಇ2ಕ್ಕೆ ಎಳೆದು ಜಿ4ರ ಕುದುರೆಗೆ ಗುರಿ ಇಟ್ಟರು. ಈಗ ಬಂತು 16ನೇ ನಡೆ, ಎರಡನೇ ಕುದುರೆ ಇ5ಕ್ಕೆ. ಒಂಟೆ ಬಲಿಗಿದೆ, ಎರಡು ಕುದುರೆ ಬಲಿಗಿವೆ, ಎಫ್8ರ ಆನೆಯೂ ಬಲಿಗಿದೆ. ಬಿಳಿ ಎಫ್×ಇ5 ಅಂದರೆ ಏನಾಗುತ್ತದೆ? ರಾಣಿ×ಡಿ4 ಚೆಕ್, ರಾಜ ಎಚ್1, ರಾಣಿ ಜಿ1 ಚೆಕ್! ಸಿ5ರ ಒಂಟೆಯ ಕಾವಲಿದೆ, ರಾಜ ರಾಣಿಯನ್ನು ಮುಟ್ಟುವ ಹಾಗಿಲ್ಲ. ಆನೆಯೇ ಹೊಡೆಯಬೇಕು. ಹೊಡೆದ ಮೇಲೆ ಕುದುರೆ ಎಫ್2, ಮೇಟ್. ರಾಜ ತನ್ನದೇ ಆನೆ, ಕಾಲಾಳುಗಳ ನಡುವೆ ಉಸಿರುಗಟ್ಟಿ ಸಾಯುತ್ತದೆ.

ಇದನ್ನು ಬೋರ್ಡ್ ಮೇಲೆ ಆಡಿ ತೋರಿಸಿದಾಗ ಹತ್ತು ವರ್ಷದ ಮಕ್ಕಳು ಕುರ್ಚಿ ಬಿಟ್ಟು ಏಳುತ್ತಾರೆ. ದೊಡ್ಡವರು ಏಳುವುದಿಲ್ಲ, ಆದರೆ "ಮತ್ತೊಮ್ಮೆ ಇಡ್ರೀ" ಅನ್ನುತ್ತಾರೆ.

19ನೇ ನಡೆಯ ಎಫ್5 ಕೂಡ ಗಮನಿಸಿ. ಸದ್ದಿಲ್ಲದ ನಡೆ, ಚೆಕ್ ಇಲ್ಲ, ಹೊಡೆತ ಇಲ್ಲ. ಬಿಳಿ ರಾಣಿ ಎಚ್7ಕ್ಕೆ ಬರುವ ದಾರಿ ಮುಚ್ಚಿತು. ಬಿಳಿ ಕುದುರೆ ಇ4ರಲ್ಲಿ ಕೂತು ಬಿ7ರ ಒಂಟೆಗೆ ಅಡ್ಡ ಬರುವುದೂ ತಪ್ಪಿತು. ಆನೆ ಹೋದ ಕೂಡಲೇ ಇಂಥ ನಡೆ ಆಡಲು ಎದೆ ಗಟ್ಟಿ ಬೇಕು.

ಇದೆಲ್ಲ ಆನಂದ್ ಬೋರ್ಡ್ ಮುಂದೆ ಕೂತು ಕಂಡುಹಿಡಿದದ್ದಾ?

ಪೂರ್ತಿ ಅಲ್ಲ. 2012ರಲ್ಲಿ ಮಾಸ್ಕೋದಲ್ಲಿ ಗೆಲ್ಫಂಡ್ ವಿರುದ್ಧ ವಿಶ್ವ ಚಾಂಪಿಯನ್‌ಶಿಪ್ ಆಡುವಾಗ ಮಾಡಿಕೊಂಡ ತಯಾರಿ ಇಲ್ಲಿ ಕೆಲಸಕ್ಕೆ ಬಂತು ಎಂದು ಆಟದ ನಂತರ ಅವರೇ ಹೇಳಿದರು. ಆ ಪಂದ್ಯ 6-6 ಸಮವಾಗಿ, ರಾಪಿಡ್‌ನಲ್ಲಿ (ಕಡಿಮೆ ಸಮಯದ ಆಟಗಳಲ್ಲಿ) ಆನಂದ್ ಗೆದ್ದಿದ್ದರು. ಅಲ್ಲಿ ಬಳಕೆಯಾಗದ ಮದ್ದು ಮರುವರ್ಷ ವೈಕ್ ಆನ್ ಜೀಯಲ್ಲಿ ಸಿಡಿಯಿತು.

ಇನ್ನೂ ಹಿಂದಕ್ಕೆ ಹೋಗಬಹುದು. ಎರಡು ಒಂಟೆಗಳು ಪಕ್ಕಪಕ್ಕದ ಕರ್ಣಗಳಿಂದ ರಾಜನ ಮನೆಯತ್ತ ಗುರಿಯಿಟ್ಟು, ಉಳಿದ ಕಾಯಿಗಳನ್ನು ಒಂದೊಂದಾಗಿ ಬಲಿ ಕೊಡುವ ಈ ಚಿತ್ರ 1907ರಲ್ಲಿ ಪೋಲೆಂಡಿನ ಲೋಡ್ಜ್ ಊರಿನಲ್ಲಿ ರೋಟ್ಲೆವಿ ವಿರುದ್ಧ ಒಬ್ಬರು ಆಡಿದ ಆಟದಲ್ಲಿದೆ. ಕಪ್ಪಿನಲ್ಲಿ ಆಡಿದವರು ಅದೇ ರೂಬಿನ್‌ಸ್ಟೈನ್. ಮೆರಾನ್‌ಗೆ ಹೆಸರು ತಂದುಕೊಟ್ಟವರು. ಆನಂದ್ ಆಟ ಮುಗಿದ ಮೇಲೆ ಆ ಆಟವನ್ನೂ ಇಟ್ಟು ನೋಡಿ. ಹಳೆಯ ಆಟ ನೋಡುವುದು ಟೈಮ್ ವೇಸ್ಟ್ ಅನ್ನುವವರಿಗೆ ನಾನು ಈ ಎರಡನ್ನೂ ಒಟ್ಟಿಗೆ ತೋರಿಸಿ ಸುಮ್ಮನಾಗುತ್ತೇನೆ.

ನಮ್ಮ ಹುಡುಗಗ ಇದ ಓಪನಿಂಗ್ ಕಲಸೋದು ಛಲೋ ಏನ್ರೀ?

ಬೇಡ. ಇಷ್ಟು ಹೊಗಳಿ ಬೇಡ ಅನ್ನುತ್ತೀರಲ್ಲ ಅಂತ ತಂದೆತಾಯಿ ಮುಖ ನೋಡುತ್ತಾರೆ. ಆಟ ನೋಡಲಿ, ಆನಂದಿಸಲಿ. ತಾನು ಆಡುವುದು ಈಗಲೇ ಬೇಡ. ಬಿಳಿ ಆರನೇ ನಡೆಯಲ್ಲಿ ಒಂಟೆ ಬದಲು ರಾಣಿಯನ್ನು ಸಿ2ಕ್ಕೆ ತಂದರೆ ಮೆರಾನ್ ಆಗುವುದೇ ಇಲ್ಲ, ಬೇರೆಯೇ ಸ್ಥಿತಿ. ಐದನೇ ನಡೆಯಲ್ಲಿ ಒಂಟೆ ಜಿ5ಕ್ಕೆ ಬಂದರೆ ಇನ್ನೊಂದು ಕಾಡು. ಅದೆಲ್ಲ ತಲೆಯಲ್ಲಿಟ್ಟುಕೊಳ್ಳುವ ವಯಸ್ಸಲ್ಲ.

ಹೊಸದಾಗಿ ಟೂರ್ನಿಗೆ ಇಳಿಯುವ ಮಕ್ಕಳಿಗೆ ನನ್ನ ಸಲಹೆ ಹಳೆಯದೇ. ಬಿಳಿಯಲ್ಲಿ ಇ4. ಎದುರಾಳಿ ಇ5 ಅಂದರೆ ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4. ಇಟಾಲಿಯನ್ ಅನ್ನುತ್ತಾರೆ. ನೂರಾರು ವರ್ಷಗಳಿಂದ ಆಡುತ್ತಿದ್ದಾರೆ, ಇವತ್ತು ಕಾರ್ಲ್‌ಸನ್ ಕೂಡ ಆಡುತ್ತಾರೆ. ಕಪ್ಪಿನಲ್ಲಿ ಇ4ಕ್ಕೆ ಇ5, ಡಿ4ಕ್ಕೆ ಡಿ5. ಕಾಯಿಗಳು ಸಹಜವಾಗಿ ಹೊರಬರುತ್ತವೆ, ಹೊಡೆದಾಟ ಬೇಗ ಶುರುವಾಗುತ್ತದೆ. ಮಕ್ಕಳು ಕಲಿಯುವುದು ಹೊಡೆದಾಟದಲ್ಲೇ.

ಈಗ ಎಂಟು ವರ್ಷದ ಮಕ್ಕಳಿಗೂ ಲಂಡನ್ ಸಿಸ್ಟಮ್ ಹೇಳಿಕೊಡುವ ರೂಢಿ ಬಂದಿದೆ. ಡಿ4, ಒಂಟೆ ಎಫ್4, ಇ3, ಸಿ3, ಎದುರಿನವರು ಏನೇ ಆಡಲಿ ಇವರದು ಅದೇ. ಓಪನಿಂಗ್ ಕೆಟ್ಟದ್ದೇನಲ್ಲ. ಆದರೆ ಎದುರಾಳಿಯ ನಡೆ ನೋಡದೆ ಆಡುವ ಚಟ ಹತ್ತಿಬಿಡುತ್ತದೆ. ಅದನ್ನು ಬಿಡಿಸುವುದು ಆಮೇಲೆ ಬಹಳ ಕಷ್ಟ. ನಾಲ್ಕು ನಡೆಯ ಮೇಟ್ ಹಾಕಲು ರಾಣಿಯನ್ನು ಎಚ್5ಕ್ಕೆ ಓಡಿಸುವ ಚಟವೂ ಇಂಥದ್ದೇ.

ಒಟ್ಟು ಎಷ್ಟು ಓಪನಿಂಗ್ ಬೇಕು?

ಬಿಳಿಯಲ್ಲಿ ಒಂದು. ಕಪ್ಪಿನಲ್ಲಿ ಇ4ಕ್ಕೆ ಒಂದು, ಡಿ4ಕ್ಕೆ ಒಂದು. ಎರಡು ವರ್ಷ ಬದಲಿಸಬೇಡಿ. ಒಂದು ಆಟ ಸೋತ ಕೂಡಲೇ ಓಪನಿಂಗ್ ಬದಲಿಸುವವರು ನಮ್ಮಲ್ಲಿ ಬಹಳ. ಸೋತದ್ದು 30ನೇ ನಡೆಯಲ್ಲಿ ಆನೆ ಕೊಟ್ಟು, ಬೈಯುವುದು ಓಪನಿಂಗ್‌ಗೆ.

ಎಂಜಿನ್ ಇರೋವಾಗ ತಲಿ ಯಾಕ ಕೆಡಿಸ್ಕೋಬೇಕು?

ಎಂಜಿನ್ ಅಂದರೆ ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಅಂಥದ್ದೊಂದು ಸ್ಟಾಕ್‌ಫಿಶ್. ಅದು ಪುಕ್ಕಟೆ ಸಿಗುತ್ತದೆ, ನಿಮ್ಮ ಮೊಬೈಲ್‌ನಲ್ಲೇ ಓಡುತ್ತದೆ, ಯಾವ ಗ್ರ್ಯಾಂಡ್‌ಮಾಸ್ಟರ್‌ಗಿಂತಲೂ ಬಲಶಾಲಿ. ಅದಕ್ಕೇ ಮೊದಲೇ ತೆರೆಯಬೇಡಿ ಅನ್ನುವುದು. 16ನೇ ನಡೆಯನ್ನು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೋರಿಸುತ್ತದೆ. ನೀವು "ಹೌದಾ" ಅನ್ನುತ್ತೀರಿ, ಸಂಜೆಗೆ ಮರೆತಿರುತ್ತೀರಿ. ಅರ್ಧ ಗಂಟೆ ಕೂತು ತಪ್ಪು ಉತ್ತರವನ್ನೇ ನೋಟ್‌ಬುಕ್‌ನಲ್ಲಿ ಬರೆದು, ಆಮೇಲೆ ಸರಿ ಉತ್ತರ ನೋಡಿದರೆ ಅದು ಉಳಿಯುತ್ತದೆ.

ನಮ್ಮ ಕೂಟದಲ್ಲಿ ಮೊದಲ ಸುತ್ತು ಬರೀ ಬೋರ್ಡ್ ಮೇಲೆ. ಎಲ್ಲರೂ ಮಾತಾಡಿ ಮುಗಿದ ಮೇಲೆ ಎಂಜಿನ್. ಅದು ತೋರಿಸುವ ಅಂಕಿಯನ್ನು ಕಾಲಾಳಿನ ಲೆಕ್ಕದಲ್ಲಿ ಓದಿ. 1 ಅಂದರೆ ಬಿಳಿ ಸುಮಾರು ಒಂದು ಕಾಲಾಳಿನಷ್ಟು ಮುಂದೆ. 0.3 ಇದ್ದದ್ದು 0.1 ಆಯಿತು ಅಂತ ಚಿಂತೆ ಮಾಡುವುದು ನಮ್ಮ ಮಟ್ಟಕ್ಕೆ ಬೇಕಿಲ್ಲ. 0.3 ಇದ್ದದ್ದು ಒಮ್ಮೆಲೇ 4 ಆದ ಜಾಗ ಹುಡುಕಿ, ಅಲ್ಲಿ ಕೂತುಕೊಳ್ಳಿ.

ದುಡ್ಡು ಕೊಟ್ಟು ಸಾಫ್ಟ್‌ವೇರ್, ಕೋರ್ಸ್ ತೊಗೋಬೇಕಾ?

ಮೊದಲಿಗೆ ಏನೂ ಬೇಡ. ಲಿಚೆಸ್ ಎಂಬ ಚೆಸ್ ವೆಬ್‌ಸೈಟ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಅಲ್ಲಿ ಸ್ಟಡಿ ಎಂಬ ವಿಭಾಗದಲ್ಲಿ ನಿಮ್ಮದೇ ಟಿಪ್ಪಣಿ ಹಾಕಿ ಆಟ ಉಳಿಸಬಹುದು. ಮುಂದಿನ ನಡೆಗಳನ್ನು ಬಚ್ಚಿಟ್ಟು ಮಕ್ಕಳಿಗೆ ಊಹಿಸಲು ಕೊಡಬಹುದು.

ಓಪನಿಂಗ್ ಎಕ್ಸ್‌ಪ್ಲೋರರ್ ಅಂತ ಇನ್ನೊಂದಿದೆ. ಅದರಲ್ಲಿ ಮುಖ್ಯವಾಗಿ ಎರಡು ಖಜಾನೆ: ಒಂದರಲ್ಲಿ ಮಾಸ್ಟರ್‌ಗಳ ಆಟ, ಇನ್ನೊಂದರಲ್ಲಿ ನಮ್ಮಂಥವರ ಆಟ. ಎಲ್ಲರೂ ಮೊದಲನೆಯದನ್ನೇ ನೋಡುತ್ತಾರೆ. ಎರಡನೆಯದನ್ನು ನಿಮ್ಮ ರೇಟಿಂಗ್‌ಗೆ (ಆಟದ ಬಲ ತೋರಿಸುವ ಅಂಕಕ್ಕೆ) ಹೊಂದಿಸಿ ನೋಡಿ. ನಿಮ್ಮೆದುರು ನಾಳೆ ಕೂರುವ ಹುಡುಗ ಆಡುವುದು ಆ ನಡೆಗಳನ್ನು. ಪುಸ್ತಕದಲ್ಲಿ ಇಲ್ಲದ ನಡೆಗೆ ಏನು ಮಾಡಬೇಕು ಎಂಬುದಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ನನ್ನ ಆಟಗಳನ್ನೇ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು. ಆನಂದ್ ಆಟ ಒಂದು ನೋಡಿದರೆ ನಿಮ್ಮವು ಮೂರು ನೋಡಿ. ಕ್ಲಾಸಿಕಲ್ (ಹೆಚ್ಚು ಸಮಯದ) ಟೂರ್ನಿಯಲ್ಲಿ ನಡೆ ಬರೆಯುವುದು ಕಡ್ಡಾಯ, ಹಾಳೆ ಕೈಯಲ್ಲಿರುತ್ತದೆ. ರಾಪಿಡ್‌ನಲ್ಲಿ ಬರೆಯಬೇಕೆಂಬ ನಿಯಮವಿಲ್ಲ. ಹಾಗಾಗಿ ಆಟ ಮುಗಿದ ಕೂಡಲೇ, ಎದುರಾಳಿ ಅಲ್ಲೇ ಇರುವಾಗ, ಇಬ್ಬರೂ ಕೂತು ನೆನಪಿಸಿಕೊಂಡು ಬರೆದುಕೊಳ್ಳಿ. "ಅಣ್ಣಾ, ಇಲ್ಲಿ ಯಾಕ ಹಿಂಗ ಆಡಿದ್ರಿ?" ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅದರಷ್ಟು ಒಳ್ಳೆಯ ಪಾಠ ಯಾವ ವಿಡಿಯೋದಲ್ಲೂ ಸಿಗದು.

ಹಾಳೆಯಲ್ಲಿ ಕಾಯಿಗಳಿಗೆ ಕನ್ನಡದ ಹೆಸರು ಬಳಸಬಹುದಾ ಅಂತಲೂ ಕೇಳುತ್ತಾರೆ. ತಮ್ಮ ದೇಶದಲ್ಲಿ ಬಳಕೆಯಲ್ಲಿರುವ ಹೆಸರಿನ ಗುರುತು ಹಾಕಲು ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲೇ ಅವಕಾಶವಿದೆ. ಆದರೂ ಟೂರ್ನಿಯಲ್ಲಿ ಇಂಗ್ಲಿಷ್ ಅಕ್ಷರವೇ ಹಾಕಿ. ಬೇರೆ ರಾಜ್ಯದ ಆರ್ಬಿಟರ್ (ತೀರ್ಪುಗಾರರು) ಬಂದಾಗ ತಕರಾರು ಬಿದ್ದರೆ ನಿಮಗೇ ತೊಂದರೆ.

ಅಜ್ಜ ಕಲಿಸಿದ ಚದುರಂಗದಾಗ ಕಾಲಾಳು ಒಂದ ಮನಿ ನಡೀತಿತ್ತು. ಅದು ತಪ್ಪೇನು?

ತಪ್ಪಲ್ಲ, ಅದು ನಮ್ಮ ದೇಸಿ ಆಟ. ಕಾಲಾಳು ಮೊದಲ ಸಲವೂ ಒಂದೇ ಮನೆ. ಈಗಿನ ಕ್ಯಾಸಲಿಂಗ್ ಇಲ್ಲ, ಬದಲಿಗೆ ರಾಜ ಒಮ್ಮೆ ಕುದುರೆಯ ಹಾಗೆ ಹಾರಬಹುದಿತ್ತು. ಊರಿಂದೂರಿಗೆ ನಿಯಮ ಸ್ವಲ್ಪ ಬೇರೆ. ಅದನ್ನು ಆಡಿ ಬೆಳೆದವರಿಗೆ ಓಪನಿಂಗ್ ಮಾತ್ರ ಹೊಸದಾಗಿ ಕಲಿಯಬೇಕಾಗುತ್ತದೆ, ಉಳಿದ ಲೆಕ್ಕಾಚಾರವೆಲ್ಲ ಕೆಲಸಕ್ಕೆ ಬರುತ್ತದೆ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಸಿ ಆಟದಿಂದಲೇ ಬಂದವರು. ಇಂಗ್ಲೆಂಡಿಗೆ ಹೋದಾಗ ಓಪನಿಂಗ್ ಪುಸ್ತಕದ ಪರಿಚಯವೇ ಇರಲಿಲ್ಲ ಅನ್ನಬಹುದು. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹೇಸ್ಟಿಂಗ್ಸ್‌ನ 1930-31ರ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. 2024ರಲ್ಲಿ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಓಪನಿಂಗ್ ಗೊತ್ತಿಲ್ಲ ಅಂತ ಟೂರ್ನಿಗೆ ಹೋಗಲು ಹೆದರುವವರಿಗೆ ನಾನು ಹೇಳುವ ಹೆಸರು ಇದು.

ಓಪನಿಂಗ್ ಕಲಿತರೆ ರೇಟಿಂಗ್ ಏರುತ್ತಾ?

ಅದೊಂದರಿಂದ ಏರುವುದಿಲ್ಲ. 2024ರ ಮಾರ್ಚ್‌ನಿಂದ ಫಿಡೆ ರೇಟಿಂಗ್ ಶುರುವಾಗುವುದೇ 1400ರಿಂದ. ಅದಕ್ಕಿಂತ ಕೆಳಗಿದ್ದರೆ ಪಟ್ಟಿಯಲ್ಲೇ ಇರುವುದಿಲ್ಲ. ಆ ಗಡಿ ದಾಟಲು ಬೇಕಾದದ್ದು ಎರಡು ನಡೆ ಮುಂದೆ ಕಾಣುವ ಕಣ್ಣು, ಕಾಯಿ ಪುಕ್ಕಟೆ ಕೊಡದ ಎಚ್ಚರ. ದಿನಕ್ಕೆ ಒಂದು ಗಂಟೆ ಇದ್ದರೆ ಅರ್ಧ ಗಂಟೆ ಪಜಲ್, ಕಾಲು ಗಂಟೆ ಕೊನೆಯಾಟ, ಉಳಿದದ್ದು ಆಟದ ಅಭ್ಯಾಸ. ಬರೀ ಓಪನಿಂಗ್‌ಗೆ ಅಂತ ಬೇರೆ ಸಮಯ ನಾನು ಇಡುವುದಿಲ್ಲ. ಆಟ ನೋಡುವಾಗಲೇ ಅದು ಬಂದುಬಿಡುತ್ತದೆ.

ವಯಸ್ಸು ನಲವತ್ತು ದಾಟಿದೆ. ಈಗ ಶುರು ಮಾಡಬಹುದಾ?

ನಮ್ಮ ಕೂಟದಲ್ಲಿ ಅರ್ಧ ಜನ ನಿಮ್ಮ ವಯಸ್ಸಿನವರೇ. ಬನ್ನಿ.

ಟೂರ್ನಿಯ ಮೊದಲು ಎದುರಾಳಿಯ ಓಪನಿಂಗ್ ನೋಡಿಕೊಂಡು ಹೋಗಬೇಕಾ?

ದೊಡ್ಡ ಟೂರ್ನಿಗಳಲ್ಲಿ ಜೋಡಿ ಪಟ್ಟಿ ಮೊದಲೇ ಬರುತ್ತದೆ, ಎದುರಾಳಿಯ ಹಳೆಯ ಆಟಗಳೂ ಸಿಗಬಹುದು. ದಾವಣಗೆರೆ, ಬೆಳಗಾವಿಯ ಕಡೆ ಒಂದೆರಡು ದಿನದ ರಾಪಿಡ್‌ಗೆ ಹೋಗುವವರಿಗೆ ಇದೆಲ್ಲ ಸುಮ್ನೆ ತಲೆಬಿಸಿ. ಸುತ್ತಿನ ಜೋಡಿ ಗೋಡೆಗೆ ಅಂಟಿಸುವುದೇ ಆಟಕ್ಕೆ ಹತ್ತು ನಿಮಿಷ ಮೊದಲು. ಹಿಂದಿನ ರಾತ್ರಿ ಹೊಸ ಓಪನಿಂಗ್ ಓದಬೇಡಿ. ಗೊತ್ತಿರುವುದನ್ನೇ ಬೋರ್ಡ್ ಮೇಲೆ ಒಮ್ಮೆ ಆಡಿ ಮಲಗಿ. ರೈಲಿನಲ್ಲಿ ಮಕ್ಕಳನ್ನು ನಿದ್ದೆಗೆಡಿಸಿ ಓಪನಿಂಗ್ ಉರು ಹೊಡೆಸುವ ತಂದೆಯರನ್ನು ನೋಡಿದ್ದೇನೆ. ಮೂರನೇ ಸುತ್ತಿಗೆ ಆ ಮಗು ಆಕಳಿಸುತ್ತಾ ಕೂತಿರುತ್ತದೆ.

ಭಾನುವಾರ ಬರುವಾಗ ಏನು ತರಬೇಕು?

ಬೋರ್ಡ್, ಕಾಯಿ ಇಲ್ಲೇ ಇವೆ. ಒಂದು ನೋಟ್‌ಬುಕ್, ಪೆನ್, ನೀವು ಇತ್ತೀಚೆಗೆ ಸೋತ ಒಂದು ಆಟದ ಹಾಳೆ ತನ್ನಿ. ಮಕ್ಕಳು ಜೊತೆಗಿದ್ದರೆ ತಿಂಡಿ ತಿನ್ನಿಸಿಕೊಂಡು ಕರೆತನ್ನಿ. ಹನ್ನೊಂದಕ್ಕೆ ಗಿರ್ಮಿಟ್, ಮಿರ್ಚಿ ಬರುತ್ತದೆ, ಆಗ ಎಣ್ಣೆ ಕೈಯಲ್ಲಿ ಕಾಯಿ ಮುಟ್ಟುವ ಹಾಗಿಲ್ಲ.